ಮುಖಪುಟ ಬಿಟ್ಟು ಒಳಗೆ ಹೋಗಿ: ಕಾಲೇಜು ಮಕ್ಕಳು ಕಟ್ಟಿದ ಆನ್‌ಲೈನ್ ಮ್ಯೂಸಿಯಂ

ಮೊದಲೇ ಹೇಳಿಬಿಡುತ್ತೇನೆ, ಮುಖಪುಟ ನೋಡಿ ಬೇಸರ ಬಂದು ಮುಚ್ಚಬೇಡಿ. ಅಲ್ಲಿ ಸಮುದ್ರದ ಮೇಲೆ ಸೂರ್ಯ ಮುಳುಗುವ ಡ್ರೋನ್ ವಿಡಿಯೋ ಓಡುತ್ತದೆ, ಯಕ್ಷಗಾನದ ವೇಷವೊಂದು ಬಂದು ಹೋಗುತ್ತದೆ, ಕೆಳಗೆ ‘ಪರಶುರಾಮ ಸೃಷ್ಟಿಯ ಈ ಪುಣ್ಯಭೂಮಿ’ ಅಂತ ಶುರುವಾಗುವ ಉದ್ದದ ಬರಹ. ಊರಿನ ಯಾವ ಸ್ಮರಣ ಸಂಚಿಕೆ ತೆಗೆದರೂ ಸಿಗುವ ಸಾಲುಗಳು. ಮೇಲೆ ಮೂಲೆಯಲ್ಲಿರುವ ಮೂರು ಗೆರೆ ಒತ್ತಿ ‘ವಸ್ತುಗಳು’ ಅನ್ನುವಲ್ಲಿಗೆ ಹೋಗಿ. ಮಕ್ಕಳು ನಿಜವಾಗಿ ಕೆಲಸ ಮಾಡಿದ್ದು ಅಲ್ಲಿ.

ನಾನು ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ರೈಟರ್ ಆಗಿದ್ದವನು. ಹಾಜರಿ, ಮಜೂರಿ, ಲೋಡಿನ ಲೆಕ್ಕ. ಕಾರ್ಖಾನೆ ಈಗ ಇಲ್ಲ, ಆ ಜಾಗದಲ್ಲಿ ಫ್ಲ್ಯಾಟ್ ಎದ್ದಿದೆ, ಅದರ ಮೇಲೆ ಒಂದು ಹಂಚೂ ಇಲ್ಲ. ಹಂಚಿನ ಬಗ್ಗೆ ಯಾರು ಎಂತ ಬರೆದರೂ ತಪ್ಪು ಹುಡುಕುವುದು ನನಗೆ ಚಟ. ಈ ವಿಮರ್ಶೆಯನ್ನೂ ಆ ಲೆಕ್ಕದಲ್ಲೇ ಓದಿ.

ಮ್ಯೂಸಿಯಂ ಇರುವುದು ನೇತ್ರಾವತಿ ಕಡೆಯ ಒಂದು ವಾರ್ಡಿನಲ್ಲಿ, ಹಳೆಯ ಮನೆಯೊಂದರ ಎರಡು ಕೋಣೆಯಲ್ಲಿ. ಬಿಜೈಯ ಶ್ರೀಮಂತಿಬಾಯಿ ಸರ್ಕಾರಿ ವಸ್ತುಸಂಗ್ರಹಾಲಯಕ್ಕಿರುವಂತೆ ಹಡಗಿನಾಕಾರದ ಬಂಗಲೆ ಇದಕ್ಕಿಲ್ಲ. ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂನಂತೆ 1913ರಿಂದ ಕೂಡಿಟ್ಟ ಸಂಗ್ರಹವೂ ಇಲ್ಲ. ನೆರೆಕರೆಯವರು ಅಟ್ಟದಿಂದ ಇಳಿಸಿ ತಂದುಕೊಟ್ಟ ಸಾಮಾನೇ ಎಲ್ಲ. ಶನಿವಾರ, ಭಾನುವಾರ ಬಾಗಿಲು ತೆಗೆಯುತ್ತಾರೆ, ಜೋರು ಮಳೆ ಇದ್ದರೆ ಅದೂ ಇಲ್ಲ. ಇದನ್ನು ಆನ್‌ಲೈನಿಗೆ ತಂದದ್ದು ಇಲ್ಲಿನ ಒಂದು ಕಾಲೇಜಿನ ಇತಿಹಾಸ ವಿಭಾಗದ ಮಕ್ಕಳು. ಕಂಪ್ಯೂಟರ್ ಕೆಲಸಕ್ಕೆ ಬಿಸಿಎಯವರು ಕೈ ಹಾಕಿದ್ದಾರೆ. ಹಂಚು, ಅಚ್ಚುಕೂಟ, ಬಂದರು, ನೆರೆ ಅಂತ ನಾಲ್ಕು ಪ್ರದರ್ಶನ. ನೋಡಲು ದುಡ್ಡಿಲ್ಲ, ಲಾಗಿನ್ ರಗಳೆ ಇಲ್ಲ.

ಅವರು ಬಳಸಿದ್ದು ಒಮೆಕಾ ಎನ್ನುವ ತಂತ್ರಾಂಶ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಮತ್ತು ಹೊಸ ಮಾಧ್ಯಮ ಕೇಂದ್ರದವರು 2008ರಲ್ಲಿ ಹೊರತಂದದ್ದು, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಅದರ ಕ್ರಮ ನನಗೆ ಹಿಡಿಸಿತು. ಮೊದಲು ಒಂದೊಂದು ವಸ್ತುವಿಗೂ ಒಂದೊಂದು ಪುಟ ಬರೆಯಬೇಕು, ಆಮೇಲೆ ಆ ಪುಟಗಳನ್ನು ಜೋಡಿಸಿ ಪ್ರದರ್ಶನ ಮಾಡಬೇಕು. ವಸ್ತುವಿನ ಪುಟದಲ್ಲಿ ತುಂಬಬೇಕಾದ ಕಲಮುಗಳು ಡಬ್ಲಿನ್ ಕೋರ್ ಎಂಬ ಪದ್ಧತಿಯವು: ಶೀರ್ಷಿಕೆ, ಮಾಡಿದವರು, ದಿನಾಂಕ, ಮೂಲ, ಭಾಷೆ, ಹಕ್ಕು ಹೀಗೆ 15. ಡಬ್ಲಿನ್ ಅಂದರೆ ಐರ್ಲೆಂಡಿನದ್ದಲ್ಲ, ಅಮೆರಿಕದ ಒಹಾಯೊ ರಾಜ್ಯದ ಒಂದು ಊರು. 1995ರಲ್ಲಿ ಅಲ್ಲಿ ಸೇರಿದ್ದ ಸಭೆಯಿಂದ ಬಂದ ಹೆಸರು. ನಾನು ಜೀವಮಾನವಿಡೀ ಕಲಮು ತುಂಬಿದವನು. ಕಲಮು ಖಾಲಿ ಬಿಟ್ಟರೆ ಯಾರದೋ ಮಜೂರಿ ಹೋಯಿತು ಅಂತಲೇ ಅರ್ಥ. ಹಾಗಾಗಿ ಈ ಮಕ್ಕಳ ಪುಟಗಳನ್ನೂ ಅದೇ ಕಣ್ಣಿನಲ್ಲಿ ನೋಡಿದೆ.

ಹಂಚಿನ ಪ್ರದರ್ಶನಕ್ಕೆ ಬರೋಣ. ಮೊದಲ ವಸ್ತು ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿನ ಹಂಚು. ಬೆನ್ನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕಂಪೆನಿಯ ಹೆಸರು, ಜೊತೆಗೆ 1865 ಅಂತ ಇಸವಿ. ಈ ಹಂಚು ಮಂಗಳೂರಿನ ಎಷ್ಟೋ ಹೋಂಸ್ಟೇಗಳ ಗೋಡೆಯಲ್ಲಿ, ಕೆಫೆಗಳ ಕೌಂಟರಿನಲ್ಲಿ ಉಂಟು. ಎಲ್ಲ ಕಡೆಯೂ ‘ನೂರೈವತ್ತು ವರ್ಷ ಹಳೆಯದು’ ಅನ್ನುವ ಜಂಬ ಬೇರೆ. 1865 ಅಂದರೆ ಆ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುಮಾಡಿದ ವರ್ಷ. ಅಚ್ಚಿನಲ್ಲಿ ಆ ಇಸವಿ ಇತ್ತು, ಆಮೇಲೆ ಒತ್ತಿದ ಹಂಚಿನ ಮೇಲೂ ಅದೇ ಇಸವಿ ಬಿತ್ತು. ಈ ಪುಟದಲ್ಲಿ ದಿನಾಂಕದ ಕಲಮಿಗೆ ಹುಡುಗಿಯೊಬ್ಬಳು 1865 ಅಂತ ಬರೆದು ಕೈತೊಳೆದುಕೊಂಡಿಲ್ಲ. ಮೊದಲ ಮಹಾಯುದ್ಧದ ಕಾಲಕ್ಕೆ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು, ಆದ್ದರಿಂದ ಮಿಷನ್ನಿನ ಹೆಸರಿರುವ ಈ ಹಂಚು ಅದಕ್ಕಿಂತ ಮೊದಲಿನದ್ದಿರಬೇಕು ಅಂತ ಕಾರಣ ಕೊಟ್ಟು ಬರೆದಿದ್ದಾಳೆ. ದೊಡ್ಡ ದೊಡ್ಡವರ ಲೇಖನದಲ್ಲೂ ನಾನು ಇಷ್ಟು ಎಚ್ಚರ ಕಂಡದ್ದು ಕಡಿಮೆ.

ಹಂಚಿನ ಎರಡೂ ಮೈಯ ಫೋಟೋ ಉಂಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟೇ ತೆಗೆದದ್ದು. ಒಂದು ಹಂಚಿನ ಅಂಚು ಇನ್ನೊಂದರ ಮೇಲೆ ಕೂರುವ ತೋಡು, ನೀರು ಇಳಿಯುವ ಗೆರೆ, ರೀಪಿಗೆ ಸಿಕ್ಕಿಸುವ ಹಲ್ಲು, ಗಾಳಿಗೆ ಹಾರದ ಹಾಗೆ ತಂತಿ ಕಟ್ಟಲು ಬಿಟ್ಟ ತೂತು, ಎಲ್ಲದಕ್ಕೂ ಬಾಣದ ಗುರುತು. ಈ ತೋಡು ಕೂರಿಸುವ ಉಪಾಯ ಮಂಗಳೂರಿನಲ್ಲಿ ಹುಟ್ಟಿದ್ದಲ್ಲ, 1841ರಲ್ಲಿ ಫ್ರಾನ್ಸಿನ ಗಿಲಾರ್ಡೋನಿ ಸಹೋದರರು ತಂದದ್ದು ಅನ್ನುವುದನ್ನೂ ಹೇಳಿದ್ದಾರೆ. ನಮ್ಮ ಊರಿನ ಹೆಮ್ಮೆಗೆ ಇದರಿಂದ ಕುಂದೇನೂ ಬರಲಿಲ್ಲ. ಇಲ್ಲಿನ ಆವೆ ಮಣ್ಣು, ಇಲ್ಲಿನ ಸೌದೆ, ಸರಕು ಸಾಗಿಸಲು ಎರಡು ಹೊಳೆ ಮತ್ತು ಒಂದು ಬಂದರು ಇದ್ದದ್ದಕ್ಕೇ ಅದು ಮಂಗಳೂರು ಹಂಚು ಆದದ್ದು.

ನನಗೆ ಬಹಳ ಇಷ್ಟವಾದದ್ದು ಅದಕ್ಕಿಂತ ಕೆಳಗಿನ ಒಂದು ಮುರುಕು ಹಂಚು. ಅದರ ಮೇಲೆ ನಾಯಿಯ ಹೆಜ್ಜೆ ಮೂಡಿದೆ. ಹಸಿ ಹಂಚನ್ನು ಒಣಗಲು ಇಟ್ಟಾಗ ನಾಯಿಯೋ ಬೆಕ್ಕೋ ನಡೆದುಹೋದದ್ದು, ಯಾರೂ ಗಮನಿಸದೆ ಭಟ್ಟಿಗೆ ಹೋದದ್ದು. ಫೋಟೋ ತೆಗೆದ ಹುಡುಗ ಬೆಳಕನ್ನು ಓರೆಯಾಗಿ ಬಿಟ್ಟಿದ್ದಾನೆ. ನಾಲ್ಕು ಬೆರಳು, ನಡುವಿನ ಅಂಗಾಲು, ಉಗುರಿನ ಗೀರು ಸಹ ಕಾಣುತ್ತದೆ. ಸ್ವಲ್ಪ ಹಿಗ್ಗಿಸಿ ನೋಡಿದರೆ ಅಂಚಿನಲ್ಲಿ ಇನ್ನೊಂದು ಗುರುತು ಉಂಟು, ಮನುಷ್ಯರ ಹೆಬ್ಬೆರಳಿನದ್ದು. ಪ್ರೆಸ್ಸಿನಿಂದ ಬಂದ ಹಂಚಿನ ಅಂಚಿನಲ್ಲಿ ಉಳಿದ ಮಣ್ಣು ಕತ್ತರಿಸಿ ಎತ್ತಿ ಇಡುವಾಗ ಬೀಳುವಂಥದ್ದು. ಬರಹದಲ್ಲಿ ನಾಯಿಯ ಬಗ್ಗೆ ಮಾತ್ರ ಇತ್ತು. ಬೆರಳಿನ ಬಗ್ಗೆ ನಾನು ‘ನಿಮಗೆ ಗೊತ್ತಿರುವುದನ್ನು ತಿಳಿಸಿ’ ಅನ್ನುವ ಡಬ್ಬದಲ್ಲಿ ಬರೆದು ಕಳಿಸಿದೆ, ಈಗ ಸೇರಿಸಿದ್ದಾರೆ.

ಇನ್ನು ಸದ್ದು. ಮ್ಯೂಸಿಯಮ್ಮಿನಲ್ಲಿ ಹಂಚು ಗಾಜಿನ ಪೆಟ್ಟಿಗೆಯೊಳಗೆ ಇದೆ, ಮುಟ್ಟುವ ಹಾಗಿಲ್ಲ. ಹಂಚಿನ ಗುಣ ಗೊತ್ತಾಗುವುದು ಮುಟ್ಟಿದರೆ, ಸರಿಯಾಗಿ ಹೇಳುವುದಾದರೆ ಬಡಿದರೆ. ಭಟ್ಟಿಯಿಂದ ಇಳಿಸಿದ ಮೇಲೆ ಒಂದೊಂದನ್ನೂ ಗೆಣ್ಣಿನಿಂದ ತಟ್ಟಿ ಬೇರೆ ಮಾಡುತ್ತಿದ್ದರು. ಚೆನ್ನಾಗಿ ಬೆಂದದ್ದು ಠಣ್ ಅನ್ನುತ್ತದೆ, ಬೇಯದೆ ಉಳಿದದ್ದು ದಪ್ ಅನ್ನುತ್ತದೆ, ಕಣ್ಣಿಗೆ ಕಾಣದ ಬಿರುಕು ಇದ್ದರೆ ಸ್ವರ ಒಡೆಯುತ್ತದೆ. 1865ರ ಹಂಚಿನ ಪುಟ ಬರೆದ ಆ ಹುಡುಗಿ ನಮ್ಮ ಮನೆಗೆ ಬಂದಿದ್ದಾಗ “ಅಂಕಲ್, ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಅಂತ ಹೇಗೆ ಗೊತ್ತಾಗುತ್ತದೆ?” ಅಂತ ಕೇಳಿದಳು. ಹಿತ್ತಲಿನಲ್ಲಿದ್ದ ಮೂರು ಹಂಚು ತಂದು ತಟ್ಟಿ ತೋರಿಸಿದೆ, ಅವಳು ಫೋನಿನಲ್ಲಿ ಹಿಡಿದುಕೊಂಡಳು. ಅದೇ ಈಗ ಮೂರು ಗುಂಡಿಯಾಗಿ ಪುಟದ ಮೇಲೆ ಕೂತಿದೆ: ಒತ್ತಿ, ಕೇಳಿ. ಹಿನ್ನೆಲೆಯಲ್ಲಿ ಬಸ್ಸಿನ ಹಾರ್ನ್ ಉಂಟು, ಇರಲಿ, ಮಂಗಳೂರು ಅಲ್ಲವೇ. ತಟ್ಟಿದ ಬೆರಳು ನನ್ನದಾದ ಕಾರಣ ಈ ಭಾಗಕ್ಕೆ ನಾನು ಕೊಡುವ ಅಂಕವನ್ನು ನೀವು ಸ್ವಲ್ಪ ಕಳೆದು ಲೆಕ್ಕ ಹಾಕಬಹುದು. ಆದರೂ ಹೇಳುತ್ತೇನೆ, ಎರಡು ಕೋಣೆಯ ಮ್ಯೂಸಿಯಂ ಮಾಡಲಾಗದ್ದನ್ನು ಆನ್‌ಲೈನ್ ಪುಟ ಮಾಡಿದೆ ಅಂತಾದರೆ ಅದು ಇಲ್ಲೇ.

ಹಾಜರಿ ಪುಸ್ತಕದ ವಿಷಯದಲ್ಲಿ ನನಗೂ ಮಕ್ಕಳಿಗೂ ಸ್ವಲ್ಪ ಚರ್ಚೆ ಆಯಿತು. ಮುಚ್ಚಿಹೋದ ಕಾರ್ಖಾನೆಯೊಂದರ ಹಾಜರಿ ಪುಸ್ತಕವನ್ನು ಯಾರೋ ಮ್ಯೂಸಿಯಮ್ಮಿಗೆ ಕೊಟ್ಟಿದ್ದರು. ಅಂಚು ಗೆದ್ದಲು ತಿಂದಿದೆ, ನಮ್ಮ ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿವೆ. ಸ್ಕ್ಯಾನ್ ಮಾಡದೆ ಬಿಟ್ಟಿದ್ದರೆ ಇನ್ನು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ಸ್ಕ್ಯಾನ್ ಚೆನ್ನಾಗಿದೆ, ಹೆಬ್ಬೆಟ್ಟಿನ ಗೆರೆ ಎಣಿಸಬಹುದು. ಆದರೆ ಹೆಸರಿನ ಕಲಮಿನ ಮೇಲೆಲ್ಲ ಬಿಳಿ ಪಟ್ಟಿ ಎಳೆದಿದ್ದಾರೆ. ಪುಸ್ತಕದಲ್ಲಿ ಮುಂಗಡ, ಸಾಲ, ಜಾತಿ, ಯಾಕೆ ರಜೆ ಅನ್ನುವುದೆಲ್ಲ ಇದೆ, ಅವರ ಮಕ್ಕಳು ಮೊಮ್ಮಕ್ಕಳು ಇಲ್ಲೇ ಸುತ್ತಮುತ್ತ ಇದ್ದಾರೆ, ಕೇಳದೆ ಹಾಕಬಾರದು ಅಂತ ಅವರ ವಾದ. ವಾದ ಸರಿಯೇ. ಸಾಲದ ಮೊತ್ತ, ಹೆಬ್ಬೆಟ್ಟು ಮುಚ್ಚಲೇಬೇಕಾದದ್ದು. ಆದರೆ ಫಲ ಎಂತ ಆಯಿತು ನೋಡಿ: ಪ್ಲೆಬ್ಸ್ಟ್ ದೊರೆಗೆ ಫೋಟೋ ಸಮೇತ ಒಂದು ಪುಟ, ಮಾಲಕರಿಗೆ ಒಂದು ಪುಟ, ತಲೆಯ ಮೇಲೆ ಹಸಿ ಮಣ್ಣು ಹೊತ್ತ ಹೆಂಗಸರಿಗೆ ಬಿಳಿ ಪಟ್ಟಿ. ಇದನ್ನೇ ಹೇಳಿದೆ. ಈಗ ಮನೆಯವರನ್ನು ಹುಡುಕಿ, ಒಪ್ಪಿಗೆ ಬರೆಸಿಕೊಂಡು, ಒಂದೊಂದೇ ಪಟ್ಟಿ ತೆಗೆಯುತ್ತಿದ್ದಾರೆ. ಕೆಲವು ಹೆಸರು ಬಂದಿದೆ. ನನಗೆ ನೆನಪಿದ್ದ ಮನೆಗಳಿಗೆ ನಾನೂ ದಾರಿ ತೋರಿಸಿದ್ದೇನೆ.

ಅದೇ ಪ್ರದರ್ಶನದಲ್ಲಿ ಬೋಳಾರದ ಕಡೆಯ ಒಬ್ಬರು ಅಜ್ಜಿ ತುಳುವಿನಲ್ಲಿ ಮಾತಾಡಿದ ಧ್ವನಿ ಉಂಟು, ಕೆಳಗೆ ಕನ್ನಡ ಸಾಲು ಓಡುತ್ತದೆ. ಬಿಸಿ ಹಂಚು ಹೊರುವಾಗ ತಲೆಗೆ ಸುತ್ತುತ್ತಿದ್ದ ಬಟ್ಟೆ, ಸೈರನ್ ಆದ ಕೂಡಲೇ ಗಂಜಿಗೆ ಓಡುತ್ತಿದ್ದದ್ದು, ಒಣಗುವ ಹಂಚಿನ ಮೇಲೆ ನಾಯಿ ನಡೆದರೆ ಬೈಗುಳ ಯಾರಿಗೆ ಅನ್ನುವುದು. ಕೇಳುವ ಹುಡುಗ ನಡುವೆ ಬಾಯಿ ಹಾಕಿಲ್ಲ, ಅದು ದೊಡ್ಡ ಗುಣ. ಒಂದೇ ದೂರು: ಅಜ್ಜಿ ನಗುವಲ್ಲೆಲ್ಲ ಕತ್ತರಿಸಿದ್ದಾರೆ, ಯಾಕೆಂದು ಗೊತ್ತಾಗಲಿಲ್ಲ. ಇತಿಹಾಸದಲ್ಲಿ ನಗಬಾರದು ಅಂತ ಯಾರು ಹೇಳಿದ್ದು?

ಅಚ್ಚುಕೂಟದ ಪ್ರದರ್ಶನ ಸಪ್ಪೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರು ಸಮಾಚಾರ’, ಅದು ಮರುವರ್ಷ ಬಳ್ಳಾರಿಗೆ ಹೋದದ್ದು, ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಇಲ್ಲಿ ಅಚ್ಚಾದದ್ದು, ಎಲ್ಲ ಇದೆ, ಎಲ್ಲವೂ ಎಲ್ಲರಿಗೂ ಗೊತ್ತಿದ್ದದ್ದೇ. ಪತ್ರಿಕಾ ದಿನದ ಭಾಷಣ ಕೇಳಿದವರಿಗೆ ಇಲ್ಲಿ ಹೊಸತು ಸಿಗುವುದಿಲ್ಲ. ಚಿತ್ರಗಳೂ ಬೇರೆ ಕಡೆಯಿಂದ ತಂದದ್ದು. ಬಾಸೆಲ್ ಮಿಷನ್ನಿನ ಈಗಿನ ವಾರಸು ಸಂಸ್ಥೆ, ಬಾಸೆಲ್‌ನ ಮಿಷನ್ 21ರ ಸಂಗ್ರಹಾಗಾರ ಹಳೆಯ ಫೋಟೋಗಳನ್ನು ಆನ್‌ಲೈನಿನಲ್ಲಿ ಇಟ್ಟಿದೆ, ಅಲ್ಲಿಂದ ತೆಗೆದದ್ದಕ್ಕೆ ಹೆಸರು ಹಾಕಿದ್ದಾರೆ, ಅಷ್ಟು ಪ್ರಾಮಾಣಿಕತೆ ಉಂಟು. ಕಲ್ಲಚ್ಚಿನಲ್ಲಿ ಮುದ್ರಿಸಿದ ಪತ್ರಿಕೆಯ ಚಿತ್ರದ ಕೆಳಗೆ ಸೀಸದ ಮೊಳೆ ಜೋಡಿಸಿ ಅಚ್ಚು ಹಾಕಿದ್ದು ಅಂತ ಬರೆದಿದ್ದರು. ಯಾರೋ ತಿಳಿಸಿದರಂತೆ, ತಿದ್ದಿದ್ದಾರೆ. ತಿದ್ದಿದ ತಾರೀಕನ್ನೂ ಕೆಳಗೆ ಹಾಕಿದ್ದಾರೆ. ಮ್ಯೂಸಿಯಮ್ಮಿನದ್ದೇ ಅನ್ನುವ ವಸ್ತು ಇಲ್ಲಿ ಒಂದೇ, ಮೊಳೆ ಹಾಕಿಡುವ ಮರದ ಖಾನೆಪೆಟ್ಟಿಗೆ. ಯಾವ ಪ್ರೆಸ್ಸಿನದ್ದು, ಯಾರು ಕೊಟ್ಟದ್ದು ಅನ್ನುವ ಕಲಮು ಖಾಲಿ. ಆ ಪೆಟ್ಟಿಗೆಯ ಬೆನ್ನು ಹತ್ತಿದ್ದರೆ ಮೋಗ್ಲಿಂಗ್ ಪುಟಕ್ಕಿಂತ ಒಳ್ಳೆಯ ಪುಟ ಆಗುತ್ತಿತ್ತು.

ಬಂದರಿನದ್ದೂ ಹೆಚ್ಚುಕಡಿಮೆ ಹಾಗೆಯೇ. ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಹೋಗುವ ಮಂಜಿಗಳ (ಮರದ ಸರಕು ಹಡಗುಗಳ) ಕೆಲವು ಒಳ್ಳೆಯ ಫೋಟೋ ಉಂಟು, ಪಣಂಬೂರಿನ ಹೊಸ ಬಂದರಿನ ಬಗ್ಗೆ ಒಂದು ಪ್ಯಾರಾ, ಮುಗಿಯಿತು. ಧಕ್ಕೆಯಲ್ಲಿ ಒಂದು ಬೆಳಿಗ್ಗೆ ನಿಂತು ಲೋಡಿಂಗಿನವರನ್ನು ಮಾತಾಡಿಸಿದ್ದರೂ ಸಾಕಿತ್ತು.

ನೆರೆಯ ಪ್ರದರ್ಶನ ನೋಡಲೇಬೇಕು. ನೇತ್ರಾವತಿಯ 1923ರ ನೆರೆ, ಮಾರಿಬೊಳ್ಳ ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು, ಆಮೇಲೆ 1974ರದ್ದು. ಪಾಣೆಮಂಗಳೂರು, ಬಂಟ್ವಾಳ ಪೇಟೆಗಳಿಗೆ ನೀರು ಎಲ್ಲಿವರೆಗೆ ಬಂದಿತ್ತು ಅನ್ನುವುದನ್ನು ಮಕ್ಕಳು ಮನೆ ಮನೆಗೆ ಹೋಗಿ ಕೇಳಿ, ಗೋಡೆಯ ಪಕ್ಕ ಒಬ್ಬರನ್ನು ನಿಲ್ಲಿಸಿ, “ಇಲ್ಲಿವರೆಗೆ” ಅಂತ ಕೈ ಇಡಿಸಿ ಫೋಟೋ ತೆಗೆದಿದ್ದಾರೆ. ಅದನ್ನು ನಕ್ಷೆಯ ಮೇಲೆ ಚುಚ್ಚಿದ್ದಾರೆ. ಒಂದು ಅಂಗಡಿಯಲ್ಲಿ ಎದೆಮಟ್ಟ, ಅದರಿಂದ ಸ್ವಲ್ಪ ಇಳಿಜಾರಿನ ಮನೆಯಲ್ಲಿ ಮಾಡಿನ ಪಕ್ಕಾಸಿನವರೆಗೆ. 1974ನ್ನು ಕಣ್ಣಾರೆ ಕಂಡವರು ಸಿಗುತ್ತಾರೆ, ಅವರ ಮಾತು ತುಳು, ಬ್ಯಾರಿ, ಕೊಂಕಣಿಯಲ್ಲಿ ಉಂಟು. 1923ಕ್ಕೆ ಅಪ್ಪ ಹೇಳಿದ್ದು, ಅಜ್ಜಿ ಹೇಳಿದ್ದು ಮಾತ್ರ. ಈ ಎರಡನ್ನೂ ಕಲಸದೆ ‘ಕಂಡದ್ದು’, ‘ಕೇಳಿದ್ದು’ ಅಂತ ಬೇರೆ ಬೇರೆ ಬಣ್ಣದ ಗುರುತು ಹಾಕಿದ್ದಾರೆ. ಪಾಠ ಮಾಡಿದ ಮೇಷ್ಟ್ರಿಗೆ ಇದಕ್ಕೆ ಶಹಬ್ಬಾಸ್ ಹೇಳಬೇಕು. ನಕ್ಷೆಯಲ್ಲಿ ಒಂದೆರಡು ಗುರುತು ಹೊಳೆಯ ನಡುನೀರಿಗೆ ಬಿದ್ದಿದೆ, ಅಲ್ಲಿ ಯಾರ ಮನೆಯೂ ಇರಲಿಕ್ಕಿಲ್ಲ ಮಾರಾಯ್ರೆ, ಸರಿ ಮಾಡಿ.

ಇನ್ನು ಬಳಕೆಯ ತೊಂದರೆಗಳು. ಫೋನಿನಲ್ಲಿ ನೋಡಿದರೆ ಚಿತ್ರ ಬರುವಷ್ಟರಲ್ಲಿ ಚಾ ಕುಡಿದು ಬರಬಹುದು. ಸ್ಕ್ಯಾನ್ ಮಾಡಿದ ದೊಡ್ಡ ಫೈಲನ್ನೇ ನೇರ ತೋರಿಸಿದ್ದಾರೆ. ದೊಡ್ಡದನ್ನು ಭದ್ರವಾಗಿ ಇಟ್ಟುಕೊಂಡು, ನೋಡುವವರಿಗೆ ಚಿಕ್ಕದು ಮಾಡಿ ಕೊಡಬೇಕು. ಹುಡುಕುವಲ್ಲಿ ‘ಹಂಚು’ ಅಂತ ಹಾಕಿದರೆ ಬರುವುದು ‘ಹೆಂಚು’ ಅಂತ ಹಾಕಿದರೆ ಬರುವುದಿಲ್ಲ. ಎರಡನ್ನೂ ಪುಟದಲ್ಲಿ ಸೇರಿಸಿಬಿಟ್ಟರೆ ಆಯಿತು. ಕೆಲವು ಪುಟಗಳಲ್ಲಿ ಯುನಿಕೋಡಿಗೆ ಮೊದಲಿನ ಡಿಟಿಪಿ ಫಾಂಟಿನ ಬರಹವನ್ನು ಹಾಗೆಯೇ ಅಂಟಿಸಿದ ಕಾರಣ ಕನ್ನಡದ ಬದಲು ಎಂತೆಂತದೋ ಚಿಹ್ನೆ ಕಾಣುತ್ತದೆ. ಇನ್ನು ಕೆಲವು ಕಡೆ ಬರಹವನ್ನೇ ಪೋಸ್ಟರ್ ಮಾಡಿ ಚಿತ್ರವಾಗಿ ಹಾಕಿದ್ದಾರೆ. ನೋಡಲು ಚಂದ, ಆದರೆ ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವುದೂ ಇಲ್ಲ.

ಹಕ್ಕಿನ ಕಲಮಿನಲ್ಲಿಯೂ ಕೆಲಸ ಬಾಕಿ ಉಂಟು. ಮದುವೆ ಆಲ್ಬಮ್ಮಿನಿಂದ ತೆಗೆದ ಫೋಟೋಗಳಿಗೆ ‘ಹಳೆಯದು, ಹಕ್ಕುಸ್ವಾಮ್ಯ ಇಲ್ಲ’ ಅಂತ ಬರೆದಿದ್ದಾರೆ. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಫೋಟೋಗೆ 60 ವರ್ಷ, ಆದರೆ 2012ರ ತಿದ್ದುಪಡಿ ಆದ ಮೇಲೆ ಆ ಲೆಕ್ಕ ಶುರುವಾಗುವುದು ಫೋಟೋ ತೆಗೆದವರು ತೀರಿಕೊಂಡ ಮೇಲೆ, ತೆಗೆದ ದಿನದಿಂದ ಅಲ್ಲ. ಯಾರದೋ ಕಪಾಟಿನೊಳಗೆ ಕೂತಿದ್ದ ಫೋಟೋಗೆ ‘ಹಳೆಯದು’ ಅನ್ನುವ ಒಂದೇ ಮಾತು ಸಾಲದು. ಮನೆಯವರು ಒಪ್ಪಿ ಕೊಟ್ಟಿದ್ದಾರಾದರೆ ಅದನ್ನೇ ಬರೆಯಲಿ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಈ ಮಕ್ಕಳು ಪಾಸಾಗಿ ಬೆಂಗಳೂರಿಗೋ ದುಬೈಗೋ ಹೋದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು? ವಿಳಾಸಕ್ಕೆ, ಜಾಗಕ್ಕೆ ವರ್ಷ ವರ್ಷ ಹಣ ಕಟ್ಟಬೇಕು. ತಂತ್ರಾಂಶಕ್ಕೆ ಹೊಸ ಆವೃತ್ತಿ ಬಂದಾಗ ಹಾಕಬೇಕು, ಇಲ್ಲದಿದ್ದರೆ ಕಿಡಿಗೇಡಿಗಳು ನುಗ್ಗುತ್ತಾರೆ. ಮೇಷ್ಟ್ರನ್ನು ಕೇಳಿದಾಗ ಎಲ್ಲದರ ಒಂದು ಪ್ರತಿ ಮ್ಯೂಸಿಯಮ್ಮಿನ ಹಾರ್ಡ್ ಡಿಸ್ಕಿನಲ್ಲಿ ಉಂಟು ಅಂದರು. ಆ ಡಿಸ್ಕ್ ಇರುವುದು ಅದೇ ಸೋರುವ ಕೋಣೆಯ ಕಪಾಟಿನಲ್ಲಿ. ಇನ್ನೊಂದು ಪ್ರತಿ ಕಾಲೇಜಿನ ಲೈಬ್ರರಿಯಲ್ಲಿ, ಮತ್ತೊಂದು ಊರಿನ ಹೊರಗೆ ಎಲ್ಲಾದರೂ ಇರಬೇಕು. ಪ್ರತಿ ವರ್ಷದ ಹೊಸ ಬ್ಯಾಚಿಗೆ ಇದನ್ನು ಮುಂದುವರಿಸುವ ಕೆಲಸ ಕೊಟ್ಟು ಅಂಕವನ್ನೂ ಕೊಟ್ಟರೆ ಆದೀತು. ಮಕ್ಕಳು ಅಂಕ ಇಲ್ಲದೆ ಮಾಡುತ್ತಾರೆ ಅನ್ನುವ ಭ್ರಮೆ ನನಗಿಲ್ಲ, ಮಜೂರಿ ಇಲ್ಲದೆ ನಾವೂ ಮಾಡುತ್ತಿರಲಿಲ್ಲ.

ಅಂಕ ಕೇಳಿದರೆ ಹಂಚಿಗೂ ನೆರೆಗೂ ಐದರಲ್ಲಿ ನಾಲ್ಕೂವರೆ, ಬಂದರಿಗೆ ಎರಡು, ಅಚ್ಚುಕೂಟಕ್ಕೆ ಆ ಖಾಲಿ ಕಲಮು ತುಂಬುವವರೆಗೆ ಎರಡು. ವಿಳಾಸದ ಕ್ಯೂಆರ್ ಕೋಡ್ ಮ್ಯೂಸಿಯಮ್ಮಿನ ಬಾಗಿಲಲ್ಲಿ ಅಂಟಿಸಿದ್ದಾರೆ. ಲ್ಯಾಪ್‌ಟಾಪಿನಲ್ಲಿ ನೋಡಿ, ಕಿವಿಗೆ ಇಯರ್‌ಫೋನ್ ಇರಲಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೆ ಪತ್ರ, ಫೋಟೋ, ಅಂಗಡಿಯ ಲೆಕ್ಕದ ಪುಸ್ತಕ ಇದ್ದರೆ ಶನಿವಾರ ಬೆಳಿಗ್ಗೆ ತೆಗೆದುಕೊಂಡು ಹೋಗಿ, ಅಲ್ಲೇ ಸ್ಕ್ಯಾನ್ ಮಾಡಿ ವಾಪಸು ಕೊಡುತ್ತಾರೆ. ಬಿಟ್ಟು ಬರುವುದಾದರೆ ಏನೇನು ಕೊಟ್ಟಿದ್ದೀರಿ, ದಾನವೋ ಬರೀ ಸ್ಕ್ಯಾನಿಗೋ ಅಂತ ಬರೆಸಿ ರಶೀದಿ ಕೇಳಿ ತೆಗೆದುಕೊಳ್ಳಿ. ರಶೀದಿ ಪುಸ್ತಕ ಮೇಜಿನ ಎಡಗಡೆ ಡ್ರಾಯರಿನಲ್ಲಿ ಉಂಟು, ಕೇಳದಿದ್ದರೆ ಅವರಾಗಿ ತೆಗೆಯುವುದಿಲ್ಲ.